ಸೀಮೆ ಹುಲ್ಲಿನ ನಡುವೆ ಒಂಬತ್ತು ಮೊಟ್ಟೆ

ಆಂಡರ್ಸನ್‌ಪೇಟೆಯ ಒಂದು ಶಾಲೆಯಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಪ್ರತಿ ವರ್ಷ ಏಳನೇ ತರಗತಿಯವರಿಂದ ಸ್ಕ್ರ್ಯಾಪ್ ಬುಕ್ ಮಾಡಿಸುವುದು ನನ್ನ ಪಾಲಿಗೆ ಬಂದ ಶಿಕ್ಷೆ. ಮಕ್ಕಳು ಅಂಗಡಿಯಿಂದ ಅಚ್ಚಾದ ಚಿತ್ರಗಳ ಹಾಳೆ ತಂದು, ಕತ್ತರಿಸಿ, ಅಂಟಿಸಿ, ಕೆಳಗೆ ಹೆಸರು ಬರೆದು ಒಪ್ಪಿಸುತ್ತಾರೆ. ಅಷ್ಟೂ ಪುಸ್ತಕಗಳಲ್ಲಿ ಅದೇ ಬಾತುಕೋಳಿ. ಬೆಳ್ಳಗೆ, ಹಳದಿ ಕೊಕ್ಕು, ಯಾವ ದೇಶದ್ದೋ ಏನೋ. ಕಳೆದ ವರ್ಷ ನನಗೆ ರೇಗಿಹೋಯಿತು. ಕಣ್ಣಾರೆ ಕಂಡಿದ್ದು ಒಂದಾದರೂ ಇದೆಯಾ ಇದರಲ್ಲಿ ಎಂದು ಕೂಗಾಡಿದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ನೀವೇ ಒಂದ್ ಮಾಡಿ ತೋರ್ಸಿ ಸಾರ್" ಅಂದಳು. ತರಗತಿ ಗೊಳ್ಳೆಂದಿತು. ತೋರಿಸ್ತೀನಿ ಅಂದುಬಿಟ್ಟೆ.

ಅಂದಿದ್ದೇನೋ ಆಯಿತು, ಯಾವುದರ ಬಗ್ಗೆ ಎಂದು ಗೊತ್ತಿರಲಿಲ್ಲ. ಅದನ್ನು ತೋರಿಸಿಕೊಟ್ಟವಳು ನಮ್ಮಕ್ಕ. ಕ್ಯಾಸಂಬಳ್ಳಿಗೆ ಹತ್ತಿರದ ಹಳ್ಳಿಯಲ್ಲಿ ನಾವಿಬ್ಬರೂ ಒಂದೇ ಮನೆಯಲ್ಲಿದ್ದೇವೆ. ನಾನು ಸ್ಕೂಟರಿನಲ್ಲಿ ಶಾಲೆಗೆ ಹೋಗಿ ಬರುತ್ತೇನೆ. ಮೂರು ಹಸು, ಡೈರಿಗೆ ಹಾಲು, ಕೆರೆಯ ಪಕ್ಕದ ಜಮೀನು ಎಲ್ಲ ಅವಳದೇ ಕಾರುಬಾರು. ಜಮೀನಿನ ಒಂದು ತುಂಡಿನಲ್ಲಿ ಹಸುಗಳಿಗೆಂದು ಸೀಮೆ ಹುಲ್ಲು ಹಾಕಿದ್ದಾಳೆ. ಅದು ಆಳುದ್ದ ಬೆಳೆಯುತ್ತದೆ. ಒಂದು ತುದಿಯಿಂದ ದಿನಕ್ಕಿಷ್ಟು ಸಾಲು ಕುಯ್ಯುತ್ತಾ ಇನ್ನೊಂದು ತುದಿ ಮುಟ್ಟುವ ಹೊತ್ತಿಗೆ ಮೊದಲು ಕುಯ್ದ ಕಡೆ ಮತ್ತೆ ಚಿಗುರಿ ನಿಂತಿರುತ್ತದೆ. ಹೀಗೆ ಕುಯ್ಯುತ್ತಿದ್ದಾಗ ಒಂದು ದಿನ ಬೆಳಿಗ್ಗೆ ಅವಳ ಕುಡುಗೋಲಿನ ಮುಂದಿನಿಂದಲೇ ಹಕ್ಕಿಯೊಂದು ಪಟಪಟನೆ ಎದ್ದು ಕೆರೆಯ ಕಡೆ ಹಾರಿತು.

ಅಕ್ಕ ಬದುವಿನ ಮೇಲೆ ನಿಂತು ಕೂಗಿದಳು. "ಲೇ, ಬಾರ್ಲಾ ಇಲ್ಲಿ! ಕೆರೆ ಬಾತ್ಕೋಳಿ ಮೊಟ್ಟೆ ಇಕ್ಕೈತೆ. ಮೆಲ್ಲಗ್ ಬಾ, ತುಳಿದ್ಗಿಳಿದೀಯ."

ನೆಲದ ಮೇಲೆ ಹುಲ್ಲಿನ ಒಣಗರಿಯ ಒಂದು ಗುಂಡಿ. ಒಳಗೆ ಒಂಬತ್ತು ಮೊಟ್ಟೆ. ಮಾಸಲು ಬಿಳಿ. ಸುತ್ತ ಹಕ್ಕಿ ತನ್ನ ಎದೆಯಿಂದಲೇ ಕಿತ್ತು ಹಾಸಿದ ಬೂದುಬಣ್ಣದ ತುಪ್ಪಳು. ಸ್ವಲ್ಪ ಹೊತ್ತಿಗೆ ಅದೇ ನಡೆದುಕೊಂಡು ವಾಪಸು ಬಂತು. ಕಂದು ಮೈ, ಕಪ್ಪು ಕೊಕ್ಕು, ಕೊಕ್ಕಿನ ತುದಿ ಮಾತ್ರ ಹಳದಿ. ಅಂಗಡಿಯ ಹಾಳೆಯ ಬಿಳಿ ಬಾತಿಗೂ ಇದಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಅಂದೇ ಪುಸ್ತಕ ಶುರು ಮಾಡಿದೆ. ಮೊದಲ ಪುಟದಲ್ಲಿ ನಿಯಮ ಬರೆದೆ: ದಿನಕ್ಕೊಂದು ಪುಟ, ನೋಡಿದ್ದು ಮಾತ್ರ, ಅಲ್ಲಿ ಸಿಕ್ಕಿದ್ದು ಮಾತ್ರ, ಭಾವನೆ ಬೇಡ. ಎರಡನೇ ಪುಟಕ್ಕೆ ಗಾಳಿಗೆ ಹಾರಿಬಂದ ಒಂದೆಳೆ ತುಪ್ಪಳು ಅಂಟಿಸಿದೆ. ಮುಂದೆ ಕೊಕ್ಕಿನ ಚಿತ್ರ, ಕೆಸರಿನಲ್ಲಿ ಮೂಡಿದ ಪಾದದ ಅಚ್ಚು ನೋಡಿ ಬರೆದದ್ದು, ಹುಲ್ಲಿನ ಗರಿ. ಸಂಜೆ ಹೊಟ್ಟೆಗೆ ಹುಡುಕಿಕೊಂಡು ಕೆರೆಗೆ ಹೋಗುವಾಗ ಅದು ತುಪ್ಪಳನ್ನು ಮೊಟ್ಟೆಗಳ ಮೇಲೆ ಎಳೆದು ಮುಚ್ಚಿ ಹೋಗುತ್ತಿತ್ತು. ಹೋದ ಹೊತ್ತು, ಬಂದ ಹೊತ್ತು ಎರಡನ್ನೂ ಬರೆದೆ. ಗಂಡು ಬಾತು ಈ ಕಡೆ ತಲೆಯನ್ನೂ ಹಾಕಲಿಲ್ಲ, ಅದನ್ನೂ ಬರೆದೆ.

ನಾನು ಬರೆಯದೆ ಬಿಟ್ಟದ್ದೆಂದರೆ ಅಕ್ಕ ಮಾಡುತ್ತಿದ್ದ ಕೆಲಸ. ಗೂಡಿದ್ದ ಕಡೆ ಹತ್ತು ಸಾಲನ್ನು ಅವಳು ಮುಟ್ಟದೆ ಬಿಟ್ಟಳು. ಹಾಗೆ ಬಿಟ್ಟರೆ ಸೀಮೆ ಹುಲ್ಲು ಬಲಿತು ದಂಟಾಗುತ್ತದೆ, ಹಸುಗಳು ಮೂತಿ ತಿರುಗಿಸುತ್ತವೆ. ಅತ್ತ ಮೊದಲು ಕುಯ್ದ ಕಡೆ ಇನ್ನೂ ಮೊಳಕಾಲುದ್ದ. ಕೊರತೆ ತುಂಬಲು ಅವಳು ಬೆಳಗಾದರೆ ಕೆರೆ ಏರಿಯ ಮೇಲೆ ಹೋಗಿ ಕಾಡು ಹುಲ್ಲು ಕುಯ್ದು ಹೊರೆ ಹೊತ್ತು ತರುತ್ತಿದ್ದಳು. ನಾನು ಸ್ಕೂಟರ್ ಹೊರಡಿಸುವಾಗ ಎದುರಿಗೆ ಬರುತ್ತಿದ್ದಳು. ಹೊರೆ ಮುಖದವರೆಗೂ ಇಳಿದು ಕಣ್ಣು ಮಾತ್ರ ಕಾಣುತ್ತಿತ್ತು.

"ಇನ್ನೂ ಎಷ್ಟ್ ದಿನ ಬೇಕ್ಲಾ ಅದುಕ್ಕೆ?" ಎಂದು ಕೇಳುತ್ತಿದ್ದಳು.

"ಒಟ್ಟು ನಾಲ್ಕು ವಾರ. ಕಾವಿಗೆ ಯಾವಾಗ ಕೂತಿತೋ ಗೊತ್ತಿಲ್ಲವಲ್ಲ" ಅನ್ನುತ್ತಿದ್ದೆ.

"ಆಗ್ಲಿ ಬಿಡು. ಮರಿ ಕೆರೆಗ್ ಇಳ್ದ್ಮೇಲೆ ಕುಯ್ಕೊಂಡ್ರಾತು."

ಹದಿನೈದು ಪುಟ ತುಂಬಿದ ಮೇಲೆ ನನಗೆ ಅಸಮಾಧಾನ ಶುರುವಾಯಿತು. ಜಮೀನಿನ ಪಂಪ್‌ಸೆಟ್ ಮನೆಯ ಮೆಟ್ಟಿಲ ಮೇಲೆ ಕೂತು ನೋಡಿದರೆ ಬರೀ ಹುಲ್ಲು. ಹತ್ತಿರ ಹೋಗಿ ಗರಿ ಸರಿಸಿದರೆ ಹಕ್ಕಿ ಕಲ್ಲಿನಂತೆ ಕೂತುಬಿಡುತ್ತದೆ, ಇಲ್ಲವೇ ಹಾರುತ್ತದೆ. ಮೊಟ್ಟೆಗಳನ್ನು ಹೇಗೆ ಮಗುಚುತ್ತದೆ ಎಂಬುದನ್ನು ನಾನು ಇನ್ನೂ ನೋಡಿರಲಿಲ್ಲ, ಅದಿಲ್ಲದೆ ಪುಸ್ತಕ ಪೂರ್ತಿಯಾಗುವುದಿಲ್ಲ ಎಂದು ತಲೆಗೆ ಹೊಕ್ಕಿತ್ತು. ಮೆಟ್ಟಿಲಿಗೂ ಗೂಡಿಗೂ ನಡುವೆ ನಾಲ್ಕು ಸಾಲು. ಅವನ್ನು ಕುಯ್ದರೆ ದೂರದಿಂದಲೇ ನೋಡಬಹುದು, ಹಕ್ಕಿಗೂ ನನ್ನ ಕಾಟ ತಪ್ಪುತ್ತದೆ ಎಂದು ಲೆಕ್ಕ ಹಾಕಿದೆ. ಭಾನುವಾರ ಅಕ್ಕನಿಗೆ ಹೇಳಿದೆ.

ಅವಳು ಕುಡುಗೋಲನ್ನು ಸೊಂಟಕ್ಕೆ ಒತ್ತಿಕೊಂಡು ನಿಂತಳು. "ಬ್ಯಾಡ ಕಣ್ಲಾ. ಒಂದ್ ಕಡೆ ಬೋಳಾದ್ರೆ ಕಾಗೆ ಕಣ್ಗೆ ಬೀಳ್ತದೆ."

ನಾನು ಪಾಠಕ್ಕೆ ಇಳಿದೆ. ಹಕ್ಕಿಯ ಮೈಬಣ್ಣವೇ ಅದಕ್ಕೆ ರಕ್ಷಣೆ, ಒಣಗರಿಯೊಳಗೆ ಕೂತರೆ ಮೇಲಿನಿಂದ ಕಾಣುವುದೇ ಇಲ್ಲ, ಎದ್ದು ಹೋದರೂ ಮೊಟ್ಟೆ ಮುಚ್ಚಿ ಹೋಗುತ್ತದೆ, ಲಕ್ಷಾಂತರ ವರ್ಷದಿಂದ ಹೀಗೇ ನಡೆದಿದೆ. ಬೋರ್ಡ್ ಒಂದಿರಲಿಲ್ಲ, ಅಷ್ಟೆ. ಅವಳು ಕೊನೆಯವರೆಗೂ ಕೇಳಿದಳು.

"ಓದ್ದೋನು ನೀನು. ನಿಂಗ್ ಗೊತ್ತಿರ್ತದೆ" ಅಂದು ನಾಲ್ಕು ಸಾಲನ್ನೂ ಕುಯ್ದಳು.

ಮುಂದಿನ ಎರಡು ದಿನದ ಪುಟಗಳು ಇಡೀ ಪುಸ್ತಕದಲ್ಲೇ ಚೆನ್ನಾಗಿವೆ. ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತು ಹಕ್ಕಿ ಎದ್ದು ನಿಂತದ್ದು, ಕೊಕ್ಕಿನ ಅಡಿಯಿಂದ ಒಂದೊಂದೇ ಮೊಟ್ಟೆಯನ್ನು ಹೊರಳಿಸಿದ್ದು, ಮತ್ತೆ ಎದೆಯಗಲಿಸಿ ಕೂತದ್ದು ಎಲ್ಲವನ್ನೂ ಕಂಡೆ. ಆರು ಚಿತ್ರ ಬರೆದೆ. ನನಗೆ ವಿಪರೀತ ಖುಷಿಯಾಗಿತ್ತು. ಶಾಲೆಗೆ ಹೋಗುವ ದಾರಿಯುದ್ದಕ್ಕೂ, ಹಳೆಯ ಚಿನ್ನದ ಗಣಿಯ ಸೈನೈಡ್ ದಿಬ್ಬಗಳು ಕಣ್ಣಿಗೆ ಬೀಳುವವರೆಗೂ, ಯಾವ ಚಿತ್ರಕ್ಕೆ ಏನು ಬರೆಯಬೇಕು ಎಂಬುದೇ ಯೋಚನೆ.

ಮೂರನೇ ದಿನ ಸಂಜೆ ನಾನು ಬಂದಾಗ ಅಕ್ಕ ಜಮೀನಿನಲ್ಲಿ ನಿಂತಿದ್ದಳು. ಪಂಪ್‌ಸೆಟ್ ಮನೆಯ ಮೇಲೆ ಐದಾರು ಕಾಗೆ. ಹಕ್ಕಿ ಕೆರೆಗೆ ಹೋಗಿದ್ದ ಸಮಯ ನೋಡಿ ಇಳಿದಿದ್ದವು. ಅಕ್ಕ ಹಸುಗಳಿಗೆ ನೀರು ಕುಡಿಸುತ್ತಿದ್ದವಳು ಗಲಾಟೆ ಕೇಳಿ ಓಡಿ ಬರುವಷ್ಟರಲ್ಲಿ ಮುಗಿದುಹೋಗಿತ್ತು. ಗೂಡಿನ ತುಪ್ಪಳು, ಕುಯ್ದ ಹುಲ್ಲಿನ ಕೂಳೆಗಳಿಗೆಲ್ಲ ಸಿಕ್ಕಿಕೊಂಡಿತ್ತು. ಏಳು ಮೊಟ್ಟೆ ಇಲ್ಲವೇ ಇಲ್ಲ. ಒಂದು ಒಡೆದು ಖಾಲಿಯಾಗಿತ್ತು. ಇನ್ನೊಂದು ಅರ್ಧ ಒಡೆದಿತ್ತು, ಒಳಗೆ ಮರಿ ಇತ್ತು. ಪೂರ್ತಿ ಬೆಳೆದಿತ್ತು. ಮೈಮೇಲೆ ಒದ್ದೆ ಪುಕ್ಕ, ಚಿಪ್ಪು ಒಡೆಯಲೆಂದು ಕೊಕ್ಕಿನ ತುದಿಯಲ್ಲಿ ಬರುವ ಬಿಳಿ ಚುಕ್ಕೆ ಕೂಡ ಮೂಡಿತ್ತು. ಇನ್ನು ಎರಡು ದಿನ, ಹೆಚ್ಚೆಂದರೆ ಮೂರು ದಿನ ಸಾಕಿತ್ತು. ಬಾತು ಕೆರೆಯ ಮೇಲಿಂದ ಬಂದು ನಮ್ಮ ತಲೆಯ ಮೇಲೆ ಸುತ್ತು ಹಾಕಿತು, ಇಳಿಯಲಿಲ್ಲ.

ಅಕ್ಕ ಕುಕ್ಕರಿಸಿ ಕೂಳೆಗಳಿಂದ ತುಪ್ಪಳನ್ನು ಬಿಡಿಸತೊಡಗಿದಳು. ಅವಳು ಏನಾದರೂ ಅನ್ನಲಿ ಎಂದು ಕಾದೆ. ಆಮೇಲೆ ಮೆಟ್ಟಿಲ ಮೇಲೆ ಕೂತು ಆ ದಿನದ ಪುಟ ಬರೆದೆ: "ಸಂಜೆ ಐದೂವರೆ. ಗೂಡಿನ ಮೇಲೆ ಕಾಗೆಗಳ ದಾಳಿ. ಒಂಬತ್ತು ಮೊಟ್ಟೆಗಳೂ ನಾಶ. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಲ್ಲಿ ಇದು ಸಹಜ." ಚಿಪ್ಪಿನ ಚೂರೊಂದನ್ನು ತೊಳೆದು, ಒಣಗಿಸಿ, ಅಂಟಿಸಿದೆ.

ಮಾರನೆಯ ದಿನ ಶಾಲೆಯಿಂದ ಬಂದಾಗ ಅಕ್ಕ ಜಗಲಿಯ ಮೇಲೆ ಪುಸ್ತಕ ಬಿಚ್ಚಿಕೊಂಡು ಕೂತಿದ್ದಳು. ಅವಳು ಓದಿರುವುದು ನಾಲ್ಕನೇ ಕ್ಲಾಸು. ಅಕ್ಷರದ ಮೇಲೆ ಬೆರಳಿಟ್ಟು ನಿಧಾನವಾಗಿ ಓದುತ್ತಾಳೆ. ಕೊನೆಯ ಪುಟಕ್ಕೆ ಬಂದಿದ್ದಳು.

"ಎಲ್ಲಾ ಕಾಗೆ ಮ್ಯಾಲ್ ಆಕ್ಬಿಟ್ಟಿದ್ದೀಯ" ಅಂದಳು.

"ತಿಂದಿದ್ದು ಕಾಗೆ ತಾನೆ?"

"ಉಲ್ಲು ಕುಯ್ದಿದ್ದು ಬರ್ದೇ ಇಲ್ಲ."

ನನಗೆ ಸಿಟ್ಟು ಬಂತು. ಬೈಯುವುದಿದ್ದರೆ ನಿನ್ನೆಯೇ ಬೈಯಬಹುದಿತ್ತು ಅಂದೆ. ಅವಳು ಆಶ್ಚರ್ಯದಿಂದ ತಲೆಯೆತ್ತಿದಳು. ಅಳುತ್ತಿದ್ದಳು.

"ನಿನ್ನ್ಯಾಕ್ ಬೈಯ್ಲಿ? ನನ್ನ್ ಎಸ್ರು ಆಕು ಕಣ್ಲಾ ಅದ್ರಾಗೆ. ಕುಡ್ಲು ನನ್ ಕೈಯಾಗ್ ಇತ್ತು. ಕಾಗೆ ಕಣ್ಗೆ ಬೀಳ್ತದೆ ಅಂತ ಗೊತ್ತಿದ್ದೂ ಕುಯ್ದೆ. ನೀನ್ ಏಳ್ದೆ ಅಂತ ಸುಮ್ನಾದೆ. ತಪ್ಪು ನಂದೇ."

ಮೂವತ್ತು ವರ್ಷದಿಂದ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಾ ಬಂದಿದ್ದೇನೆ. ಯಾರ ತಪ್ಪು ಯಾವುದು ಎಂದು ಗುರುತಿಸುವುದೇ ನನ್ನ ಕಸುಬು. ಜಗಲಿಯ ಮೇಲೆ ಅವಳ ಎದುರು ನನಗೆ ನಾಚಿಕೆಯಾಯಿತು. ಪೆನ್ನು ತೆಗೆದು ಅದೇ ಪುಟದಲ್ಲಿ ಕೊನೆಯ ಸಾಲನ್ನು ಹೊಡೆದು ಹಾಕಿ, ಕೆಳಗೆ ಬರೆದೆ.

"ಏನ್ ಬರ್ದೆ? ಓದು" ಅಂದಳು ಅಕ್ಕ.

"ಗೂಡಿನ ಮುಂದಿನ ನಾಲ್ಕು ಸಾಲು ಹುಲ್ಲು ಕುಯ್ಯಲು ಹೇಳಿದವನು ನಾನು. ಅಕ್ಕ ಬೇಡ ಅಂದಿದ್ದಳು" ಎಂದು ಓದಿದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಇನ್ನೊಂದ್ ಸಲ ಓದು" ಅಂದಳು.

ಎರಡನೇ ಸಲ "ಅಕ್ಕ" ಎಂಬಲ್ಲಿಗೆ ಬಂದು ನಿಲ್ಲಿಸಿ, ಪುಸ್ತಕವನ್ನು ಅವಳ ಕಡೆ ತಿರುಗಿಸಿದೆ. ಮುಂದಿನದನ್ನು ಅವಳೇ ಬೆರಳಿಟ್ಟು ಓದಿಕೊಂಡಳು.