ಅತ್ತೆಯ ಬ್ರೇಕು, ನನ್ನ ಆರು ಸ್ಪೇಡು

ನಮ್ಮ ಅತ್ತೆ ಊರಿಗೆಲ್ಲ ಕಾರು ಓಡಿಸುವುದನ್ನು ಕಲಿಸಿದವರು. ಇವತ್ತಿಗೂ ನಮ್ಮ ಬೀದಿಯಲ್ಲಿ ಯಾವನಾದರೂ ದೀಪದ ಸನ್ನೆ ತೋರಿಸದೆ ತಿರುವಿಗೆ ನುಗ್ಗಿ, ಆಮೇಲೆ ಮಹಡಿಯ ಕಿಟಕಿಯಲ್ಲಿ ಅತ್ತೆಯನ್ನು ಕಂಡನೋ, ಮುಗಿಯಿತು. ಅರ್ಧ ತಲೆ ನರೆತ ಗಂಡಸು ಮೂರನೇ ಕ್ಲಾಸಿನ ಹುಡುಗನ ಹಾಗೆ ತಲೆ ತಗ್ಗಿಸಿಕೊಂಡು ಹೋಗುತ್ತಾನೆ.

ಕಲಿಸುವ ಕಾರಿಗೆ ಎರಡು ಬ್ರೇಕು ಇರುತ್ತವಲ್ಲ, ಕಲಿಯುವವರ ಕಾಲ ಬುಡದಲ್ಲಿ ಒಂದು, ಕಲಿಸುವವರ ಕಾಲ ಬುಡದಲ್ಲಿ ಇನ್ನೊಂದು. ಅತ್ತೆಯ ಜೀವಮಾನವೆಲ್ಲ ಆ ಎರಡನೇ ಬ್ರೇಕಿನ ಮೇಲೆ ಕಳೆಯಿತು. ಕೆಲಸದಿಂದ ಅತ್ತೆ ನಿವೃತ್ತರಾದರು, ಅವರ ಬಲಗಾಲು ಮಾತ್ರ ಆಗಲಿಲ್ಲ. ನಾನು ಲೋಟಕ್ಕೆ ಚಹಾ ಸುರಿಯುವಾಗ ಅಂಚಿನ ಹತ್ತಿರ ಬಂತೋ, ಮೇಜಿನ ಕೆಳಗೆ ಧಪ್! ಅವರ ಮಗ, ಅಂದರೆ ನನ್ನ ಗಂಡ, ಫೋನಿನಲ್ಲಿ ಯಾರ ಮೇಲಾದರೂ ದನಿ ಏರಿಸಿದನೋ, ಧಪ್! ಮದುವೆಯಾಗಿ ಬಂದ ಹೊಸದರಲ್ಲಿ ನಾನು ನೆಲದಲ್ಲಿ ಜಿರಲೆ ಇರಬೇಕು ಅಂದುಕೊಂಡಿದ್ದೆ.

ಇನ್ನು ನಾನು. ಔಷಧಿ ಅಂಗಡಿಯಲ್ಲಿ ಮಾತ್ರೆ ಕಟ್ಟಿಕೊಡುವವಳು. ದಿನಕ್ಕೆರಡು ಅಂದರೆ ಎರಡೇ, ಊಟದ ಮೇಲೆ ಅಂದರೆ ಊಟದ ಮೇಲೆಯೇ. ಧೈರ್ಯ ಎಂಬುದನ್ನು ನಾನು ಶೀಶೆಯ ಮೇಲೆ ಬರೆದ ಪ್ರಮಾಣಕ್ಕಿಂತ ಒಂದು ತೊಟ್ಟು ಹೆಚ್ಚು ತೆಗೆದುಕೊಂಡವಳಲ್ಲ. ಅಂಥ ನನ್ನನ್ನು ಅತ್ತೆ ಒಂದು ದಿನ ಕರೆದು, "ನಾಳೆಯಿಂದ ನೀನು ನನ್ನ ಬ್ರಿಜ್ ಜೊತೆಗಾರ್ತಿ" ಅಂದರು.

ಬ್ರಿಜ್ ಗೊತ್ತಿಲ್ಲದವರಿಗೆ ಎರಡು ಮಾತು. ನಾಲ್ಕು ಜನ, ಎದುರುಬದುರು ಕೂತ ಇಬ್ಬಿಬ್ಬರು ಒಂದು ಜೋಡಿ, ತಲೆಗೆ ಹದಿಮೂರು ಎಲೆ. ಎಲೆ ಇಳಿಸುವ ಮುಂಚೆ ಕೂಗಬೇಕು: ಹದಿಮೂರು ಸುತ್ತಿನಲ್ಲಿ ನಾವು ಇಷ್ಟು ಗೆಲ್ಲುತ್ತೇವೆ, ಇಂಥದ್ದು ತುರುಫು ಅಂತ. ಮೊದಲ ಆರು ಸುತ್ತು ಲೆಕ್ಕಕ್ಕಿಲ್ಲ. ಹಾಗಾಗಿ ‘ನಾಲ್ಕು’ ಅಂದರೆ ಹತ್ತು ಸುತ್ತು, ‘ಆರು’ ಅಂದರೆ ಹನ್ನೆರಡು. ಕಡಿಮೆ ಕೂಗಿದರೆ ದೊಡ್ಡ ಅಂಕ ತಪ್ಪುತ್ತದೆ, ಹೆಚ್ಚು ಕೂಗಿ ಸೋತರೆ ದಂಡ ಬೀಳುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ಅದೇ ಆಟ. ಒಂದೇ ತೊಡಕು: ಹಾಸಿಗೆಯ ಅರ್ಧ ನಿಮ್ಮ ಕೈಯಲ್ಲಿರುತ್ತದೆ, ಉಳಿದರ್ಧ ಜೊತೆಗಾರರ ಕೈಯಲ್ಲಿ. ಅದೆಷ್ಟು ಉದ್ದ ಅಂತ ಅವರ ಕೂಗಿನಿಂದಲೇ ತಿಳಿಯಬೇಕು. ಕಣ್ಣು ಹೊಡೆಯುವಂತಿಲ್ಲ, ಕೆಮ್ಮುವಂತಿಲ್ಲ, ನಿಟ್ಟುಸಿರೂ ಬಿಡುವಂತಿಲ್ಲ.

ಅತ್ತೆಗೆ ಮೊದಲಿನಿಂದ ಒಬ್ಬರೇ ಜೊತೆಗಾರ್ತಿ, ಪಕ್ಕದ ಬೀದಿಯ ದರ್ಜಿಯಮ್ಮ. ನಾನು ಈ ಮನೆಗೆ ಕಾಲಿಡುವ ಎಷ್ಟೋ ವರ್ಷ ಮೊದಲೇ ಅವರಿಬ್ಬರೂ ಊರಿನ ಬ್ರಿಜ್ ಕ್ಲಬ್ಬಿನ ಮೊದಲ ಗುಂಪಿನಲ್ಲಿದ್ದರು, ಒಮ್ಮೆಯೂ ಕೆಳಗಿಳಿದವರಲ್ಲ. ಆಮೇಲೆ ಕ್ಲಬ್ಬಿನ ಕಟ್ಟಡ ಮಾರಾಟವಾಗಿ ಆಟವೆಲ್ಲ ಕಂಪ್ಯೂಟರಿಗೆ ಹೋಯಿತು. ದರ್ಜಿಯಮ್ಮ ಎರಡು ವಾರ ಆಡಿ ಕೈಮುಗಿದರು. "ಅಲ್ಲಿ ಏನೂ ತಿಳಿಯಲ್ಲ ಮಾರಾಯ್ತಿ, ಕಣ್ಣು ಕಟ್ಟಿ ಸೂಜಿಗೆ ದಾರ ಪೋಣಿಸಿದ ಹಾಗೆ" ಅಂದರಂತೆ. ಪ್ರತಿ ಸಾಲಿನ ಕೊನೆಗೆ ಮೊದಲ ಗುಂಪಿನ ತೀರ ಕೆಳಗಿನ ಜೋಡಿ ಎರಡನೇ ಗುಂಪಿಗೆ ಇಳಿಯಬೇಕು. ಆ ಎರಡನೇ ಗುಂಪಿನ ತುಂಬ ಇದ್ದವರು ಅತ್ತೆಯ ಹಳೆಯ ಶಿಷ್ಯರು. "ರಿವರ್ಸ್ ಹಾಕೋಕೆ ಬಾರದೆ ನನ್ನ ಗೇಟು ಮುರಿದವರ ಜೊತೆ ಕೂತು ಆಡಲಾ? ಅದಕ್ಕಿಂತ ಇಸ್ಪೀಟು ಒಲೆಗೆ ಹಾಕ್ತೀನಿ" ಅನ್ನುತ್ತಿದ್ದರು. ಆ ಗೌರವವನ್ನು ಕಾಪಾಡುವ ಹೊಣೆ ಮಾತ್ರೆ ಎಣಿಸುವವಳ ತಲೆಗೆ ಬಂತು.

ಒಂದೇ ಮನೆಯ ಜೋಡಿ ಬೇರೆ ಬೇರೆ ಕೋಣೆಯಲ್ಲಿ ಕೂರಬೇಕು, ಕ್ಯಾಮೆರಾ ತೆರೆದಿರಬೇಕು ಅಂತ ಕ್ಲಬ್ಬಿನ ಕಟ್ಟಳೆ. ಅತ್ತೆ ಮಹಡಿಯ ತಮ್ಮ ಕೋಣೆಯಲ್ಲಿ, ನಾನು ಅದರ ನೇರ ಕೆಳಗೆ ಅಡುಗೆಮನೆಯಲ್ಲಿ. ಅಡುಗೆಮನೆಯ ಮೇಜಿನ ಇನ್ನೊಂದು ತುದಿಯಲ್ಲಿ ನನ್ನ ಗಂಡ. ಅವರು ಬೀಗ ರಿಪೇರಿ ಮಾಡುವವರು. ಸಂಜೆ ಹೊತ್ತು ಮನೆಗೇ ತಂದು, ಬೀಗವನ್ನು ಕಿವಿಗೆ ಹಿಡಿದು ಒಳಗಿನ ಟಿಕ್ ಟಿಕ್ ಕೇಳುತ್ತ ಕೂರುತ್ತಾರೆ.

ಶುರುವಿನಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆ. ಅತ್ತೆ ಅರ್ಧ ಕೈ ಎಲೆಗೆ ಪೂರ್ತಿ ಗಂಟಲಲ್ಲಿ ಕೂಗುವವರು, ನಾನು ಎಕ್ಕಗಳ ರಾಶಿ ಇಟ್ಟುಕೊಂಡು ‘ಪಾಸ್’ ಒತ್ತುವವಳು. ಆದರೆ ಬರುಬರುತ್ತ ಏನಾಯಿತೋ, ನಾನು ಪಳಗಿಬಿಟ್ಟೆ. ಎಲ್ಲಿವರೆಗೆ ಹೋಗಬೇಕೋ ಅಲ್ಲಿವರೆಗೆ ಹೋಗಿ, ಎಲ್ಲಿ ನಿಲ್ಲಬೇಕೋ ಸರಿಯಾಗಿ ಅಲ್ಲೇ ನಿಲ್ಲತೊಡಗಿದೆ. ನಮ್ಮ ಜೋಡಿ ಪಟ್ಟಿಯಲ್ಲಿ ಮೇಲೇರಿತು. ಅಲ್ಪನಿಗೆ ಐಶ್ವರ್ಯ ಬಂದ ಹಾಗೆ ನನ್ನ ನಡಿಗೆಯೇ ಬದಲಾಯಿತು. ಅಂಗಡಿಗೆ ಕೆಮ್ಮಿನ ಔಷಧಿಗೆ ಬಂದವರಿಗೂ, "ಕೂಗೋದು ಅಂದ್ರೆ ಒಂದು ಒಳಗಣ್ಣು ಬೇಕು, ಕಲಿತು ಬರೋದಲ್ಲ ಅದು" ಅಂತ ಬೋಧಿಸುತ್ತಿದ್ದೆ. ಅವರು ಪಾಪ, ಕೆಮ್ಮುತ್ತ ಕೇಳಿಸಿಕೊಳ್ಳುತ್ತಿದ್ದರು.

ಒಂದು ಸಂಜೆ ಆಟ ಮುಗಿಸಿ ನಾನು ಹೆಮ್ಮೆಯಿಂದ ಮೈಮುರಿಯುತ್ತಿದ್ದಾಗ ನನ್ನ ಗಂಡ ಬೀಗದಿಂದ ಕಿವಿ ತೆಗೆಯದೆಯೇ ಕೇಳಿದರು, "ಅಲ್ವೇ, ನಿಮ್ಮ ಆಟದಲ್ಲಿ ಕಾಲಿಗೂ ಒಂದು ಕೂಗು ಇದ್ಯಾ?"

"ಕಾಲಿಗಾ?"

"ನೀನು ಏನೋ ಒತ್ತುತ್ತೀಯ. ಮೇಲೆ ಅಮ್ಮ ಧಪ್ ಅನ್ನಿಸ್ತಾಳೆ. ಮುಂದಿನ ಸಲ ನೀನು ಪಾಸ್. ಧಪ್ ಬರ್ಲಿಲ್ವಾ, ಇನ್ನೂ ಮೇಲಕ್ಕೆ ಹೋಗ್ತೀಯ. ಇವತ್ತು ಪೂರ್ತಿ ಹಾಗೇ ಆಯ್ತು. ನಾನು ಇದೂ ಒಂದು ಕಟ್ಟಳೆ ಇರ್ಬೇಕು ಅಂದ್ಕೊಂಡೆ."

ನನ್ನ ಒಳಗಣ್ಣು ಅಲ್ಲೇ ಮುಚ್ಚಿಕೊಂಡಿತು. ಒಳಗಣ್ಣೂ ಇಲ್ಲ, ಮಣ್ಣೂ ಇಲ್ಲ. ನಾನು ಅತ್ತೆಯ ಹಿಮ್ಮಡಿಯಿಂದ ಆಡುತ್ತಿದ್ದೆ! ಅಷ್ಟು ದಿನ ನನಗೆ ಆ ಸದ್ದು ಕೇಳಿಸಿದ್ದೂ ಗೊತ್ತಿಲ್ಲ, ಪಾಲಿಸಿದ್ದೂ ಗೊತ್ತಿಲ್ಲ. ಗಡಿಯಾರದ ಟಿಕ್ ಟಿಕ್ ಹಾಗೆ ಅದು ಒಳಗೆ ಹೋಗಿ ಬೆರಳಿಂದ ಹೊರಗೆ ಬರುತ್ತಿತ್ತು. ಕಟ್ಟಳೆಯ ಪ್ರಕಾರ ಅದು ಮೋಸ. ಮೋಸ ಮಾಡುವಷ್ಟು ಬುದ್ಧಿಯೂ ನನ್ನದಾಗಿರಲಿಲ್ಲ ಅನ್ನುವುದು ಬೇರೆ ಮಾತು.

ಮಹಡಿ ಹತ್ತಿ ಅತ್ತೆಗೆ ಹೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿದರು. "ನನ್ನ ಕಾಲು ನಾನು ಹೇಳಿದ ಹಾಗೆ ಕೇಳ್ತದೆ ಕಣೆ, ನನ್ನ ಮಗನ ಹಾಗಲ್ಲ. ಯಾವ ಧಪ್ಪು?"

"ಈಗ ಹಾಕಿದ್ರಲ್ಲ ಅತ್ತೆ, ಅದೇ."

ಅತ್ತೆ ಬಗ್ಗಿ ತಮ್ಮ ಕಾಲನ್ನು ಬೇರೆ ಯಾರದ್ದೋ ಅನ್ನುವ ಹಾಗೆ ನೋಡಿದರು. ಮರುದಿನ ಹಳೆಯ ರಗ್ಗೊಂದನ್ನು ನಾಲ್ಕು ಮಡಿಕೆ ಮಾಡಿ ಕುರ್ಚಿಯ ಮುಂದೆ ಹಾಸಿಕೊಂಡರು. ಸ್ಪರ್ಧೆ ನಡೆಸುವ ಅಮ್ಮನಿಗೂ ತಾವೇ ಫೋನು ಮಾಡಿ, ಹೀಗೆ ಹೀಗೆ, ಹಿಂದಿನ ಅಂಕ ಬೇಕಾದರೆ ಕಿತ್ತುಕೊಳ್ಳಿ ಅಂದರು. ಆಕೆ ಒಂದಿಷ್ಟು ಕಿತ್ತುಕೊಂಡರು, "ಮುಂದೆ ಸದ್ದು ಬಂದರೂ ಅದರಂತೆ ನಡೀಬೇಡಿ" ಅಂತ ಎಚ್ಚರಿಸಿ ಉಳಿದದ್ದು ಬಿಟ್ಟರು.

ರಗ್ಗು ಬಂತು, ನಮ್ಮ ಭಾಗ್ಯ ಹೋಯಿತು. ಬ್ರೇಕು ಇಲ್ಲದ ನಾನು ಒಂದು ದಿನ ಗುಡ್ಡದಿಂದ ಕೆಳಗೆ, ಇನ್ನೊಂದು ದಿನ ಗ್ಯಾರೇಜಿನಿಂದ ಹೊರಗೇ ಇಲ್ಲ. ಏಳು ಕೂಗಬೇಕಾದಲ್ಲಿ ಮೂರು, ಮೂರು ಕೂಗಬೇಕಾದಲ್ಲಿ ಐದು. ಕೆಮ್ಮಿನವರು ಅಂಗಡಿಗೆ ಬಂದರೆ ನಾನು ಮಾತ್ರೆಯ ಡಬ್ಬಿಗಳ ಹಿಂದೆ ಹೋಗಿ ಏನೋ ಹುಡುಕುವವಳ ಹಾಗೆ ನಿಲ್ಲುತ್ತಿದ್ದೆ. ಸಾಲಿನ ಕೊನೆಯ ಸಂಜೆಯ ಹೊತ್ತಿಗೆ ಕೆಳಗಿನಿಂದ ಎರಡನೆಯವರು ನಾವು. ನಮ್ಮ ಹಿಂದೆ ಕೂದಲೆಳೆಯಲ್ಲಿ ಹಲ್ಲಿನ ಡಾಕ್ಟರ್ ದಂಪತಿ. ಕೊನೆಯ ಆಟ ಅವರ ಮೇಲೆಯೇ. ಗೆದ್ದವರು ಉಳಿಯಬೇಕು, ಸೋತವರು ಇಳಿಯಬೇಕು.

ಕೊನೆಯ ಹಂಚಿಕೆಯವರೆಗೂ ಸರಿಸಮ. ಕೊನೆಯ ಎಲೆಗಳು ತೆರೆಯ ಮೇಲೆ ಮೂಡಿದವು. ಅತ್ತೆ ಒಂದು ಸ್ಪೇಡ್ ಕೂಗಿದರು. ನನ್ನ ಕೈಯ ಎಲೆಗಳನ್ನು ಎರಡು ಸಲ ಎಣಿಸಿದೆ: ನಾಲ್ಕು ಸ್ಪೇಡು, ಅದರಲ್ಲೊಬ್ಬ ರಾಜ, ಹಾರ್ಟಿನ ಎಕ್ಕ, ರಾಜ, ಡೈಮಂಡ್ ಒಂದೇ ಒಂದು ಎಲೆ, ಕ್ಲಬ್ ಎಲೆಯಲ್ಲಿ ರಾಜ, ರಾಣಿ, ಗುಲಾಮ ಸಂಸಾರ ಸಮೇತ. ಇಂಥ ಕೈಗೆ ಒಂದು ವಿಶೇಷ ಕೂಗಿದೆ, ‘ನಿಮ್ಮಲ್ಲಿ ಎಕ್ಕ ಎಷ್ಟು?’ ಅಂತ ಜೊತೆಗಾರರನ್ನು ಕೇಳುವುದು. ಒತ್ತುವ ಮುಂಚೆ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ: ಅತ್ತೆಯ ಹತ್ತಿರ ಎರಡಿದ್ದರೆ ಆರು ಸ್ಪೇಡ್, ಒಂದೇ ಇದ್ದರೆ ಐದಕ್ಕೆ ನಿಲ್ಲು. ಒತ್ತಿದೆ.

ಮೇಲೆ ಧಪ್!

ರಗ್ಗು ಎಲ್ಲಿ ಜಾರಿತ್ತೋ ದೇವರೇ ಬಲ್ಲ. ಬರಿಯ ಹಲಗೆಯ ಮೇಲೆ, ಹಳೆಯ ಕಾಲದ, ತುಂಬು ತೂಕದ ಧಪ್. ಬೀಗ ಉಜ್ಜುತ್ತಿದ್ದ ನನ್ನ ಗಂಡನ ಕೈಯ ಅರ ನಿಂತಿತು. ಅವರು ಬಾಯಿ ತೆರೆದರು, ನಾನು ಕೈ ಎತ್ತಿದೆ, ಮುಚ್ಚಿಕೊಂಡರು.

ತೆರೆಯ ಮೇಲೆ ಅತ್ತೆಯ ಉತ್ತರ ಬಂತು: ಎರಡು ಎಕ್ಕ.

ಈಗ ನೋಡಿ ನನ್ನ ಪಾಡು. ಎಕ್ಕ ಹೇಳುತ್ತದೆ, ಹೋಗು. ಕಾಲು ಹೇಳುತ್ತದೆ, ನಿಲ್ಲು. ಕಾಲು ಎಂದೂ ಸುಳ್ಳು ಹೇಳಿದ್ದಲ್ಲ. ಅತ್ತೆಯ ಮೊದಲ ಕೂಗೇ ತೆಳು, ಒಳಗೆ ಹೂರಣ ಇಲ್ಲ ಅಂತ ಆ ಒಂದು ಧಪ್ಪಿನಲ್ಲಿ ನನಗೆ ಎಲ್ಲ ತಿಳಿದುಹೋಗಿತ್ತು. ಐದಕ್ಕೆ ನಿಂತರೆ ಹನ್ನೊಂದು ಸುತ್ತು ಸಾಕು, ಅದು ಖಂಡಿತ ಇದೆ, ಅತ್ತೆ ಮೊದಲ ಗುಂಪಿನಲ್ಲಿ ಉಳಿಯುತ್ತಾರೆ. ಅಷ್ಟೇ ಅಲ್ಲ, ನಿಲ್ಲುವುದು ನನ್ನ ಹುಟ್ಟುಗುಣ. ‘ಔಷಧಿ ಅಂಗಡಿಯವಳು ಹೆದರಿದಳು’ ಅಂತ ಎಲ್ಲರೂ ನಂಬುತ್ತಾರೆ. ಕಳ್ಳತನಕ್ಕೆ ಇಷ್ಟು ಒಳ್ಳೆಯ ಅಂಗಿ ಯಾರಿಗೆ ಸಿಗುತ್ತದೆ ಹೇಳಿ? ಆದರೆ ಎರಡಿದ್ದರೆ ಆರು ಅಂತ ನಾನು ಹಾಕಿಕೊಂಡ ಗಂಟು ಧಪ್ಪಿಗಿಂತ ಮುಂಚಿನದು. ಬಿಚ್ಚಿದರೆ ಬಿಚ್ಚಿದ್ದು ನಾನಲ್ಲ, ಆ ಹಿಮ್ಮಡಿ.

ಆರು ಸ್ಪೇಡ್ ಒತ್ತಿದೆ. ಮೇಲೆ ಇನ್ನೆರಡು ಧಪ್ ಬಂದವು, ಆದರೆ ಅಷ್ಟರಲ್ಲಿ ಗಾಡಿ ಗೇಟು ದಾಟಿತ್ತು.

ಸ್ಪೇಡ್ ಮೊದಲು ಕೂಗಿದವರು ಅತ್ತೆ, ಆಡುವವರೂ ಅವರೇ. ನನ್ನ ಎಲೆಗಳನ್ನು ಎಲ್ಲರ ಮುಂದೆ ಬಿಚ್ಚಿಟ್ಟು ನಾನು ಬೊಂಬೆಯ ಹಾಗೆ ಕೂರಬೇಕು. ಎದುರಾಳಿಗಳ ಕೈಯಲ್ಲಿದ್ದ ಕ್ಲಬ್ ಎಕ್ಕಕ್ಕೆ ಒಂದು ಸುತ್ತು ಹೋಯಿತು, ಅದು ಗೊತ್ತಿದ್ದದ್ದೇ. ಹೊರಗಿದ್ದದ್ದು ನಾಲ್ಕು ಸ್ಪೇಡು. ಡಾಕ್ಟರಿಗೆರಡು, ಡಾಕ್ಟರ ಹೆಂಡತಿಗೆರಡು ಹಂಚಿಹೋಗಿದ್ದರೆ ನಾವು ಬದುಕಿದೆವು. ಅತ್ತೆ ಎಕ್ಕ ಇಳಿಸಿದರು. ಇಬ್ಬರೂ ಒಂದೊಂದು ಸ್ಪೇಡ್ ಕೊಟ್ಟರು. ನನ್ನ ರಾಜನನ್ನು ಇಳಿಸಿದರು. ಡಾಕ್ಟರ ಹೆಂಡತಿ, ಕೈಯಲ್ಲಿ ಇನ್ನು ಸ್ಪೇಡ್ ಇಲ್ಲದೆ, ಒಂದು ಬಡ ಡೈಮಂಡ್ ಬಿಸಾಡಿದರು.

ಸ್ಪೇಡ್ ರಾಣಿ ಡಾಕ್ಟರ ಹತ್ತಿರ ಉಳಿಯಿತು. ಒಂದು ಸುತ್ತು ಕಡಿಮೆ. ಹನ್ನೊಂದು.

ಮೆಟ್ಟಿಲ ಮೇಲೆ ಅತ್ತೆ ಇಳಿಯುವ ಸದ್ದು ಕೇಳಿತು. ನನ್ನ ಗಂಡ ಬೀಗವನ್ನೆಲ್ಲ ಪೆಟ್ಟಿಗೆಗೆ ತುಂಬಿಕೊಂಡು ಹೊರಡುವವರಿದ್ದರು. "ಕೂತ್ಕೋ, ನೀನೆಲ್ಲಿಗೆ?" ಅಂತ ಬಾಗಿಲಲ್ಲೇ ಅತ್ತೆ ತಡೆದರು. ಆಮೇಲೆ ನನ್ನ ಕಡೆ ತಿರುಗಿದರು.

"ನಿನಗೆ ನನ್ನ ಕಾಲು ಕೇಳಿಸ್ಲಿಲ್ವಾ?"

"ಕೇಳಿಸ್ತು ಅತ್ತೆ."

"ಮತ್ತೆ?"

"ಕೇಳಿಸ್ತು, ಅದಕ್ಕೇ ನಿಲ್ಲಿಸ್ಲಿಲ್ಲ."

ಅತ್ತೆಯ ಮುಖ ಕೆಂಪಾಯಿತು. "ದೊಡ್ಡ ಧರ್ಮರಾಯನ ಮಗಳು! ಮನೆಯ ಮರ್ಯಾದೆ ತೆಗೆದು ಸತ್ಯ ಉಳಿಸಿದಳಂತೆ. ದರ್ಜಿಯಮ್ಮ ಇದ್ದಿದ್ರೆ ಇವತ್ತು ಐದಕ್ಕೆ ನಿಲ್ಲಿಸ್ತಿದ್ಲು. ಅಷ್ಟು ವರ್ಷ ನನ್ನ ಜೊತೆ ಆಡಿದ್ಲು, ಒಂದು ಸಲ, ಒಂದೇ ಒಂದು ಸಲ ನಾನು ಬೇಡ ಅಂದಲ್ಲಿಗೆ ಹೋದವಳಲ್ಲ ಅವಳು! ನಾನು ಬಾಯಿ ಬಿಡೋಕೆ ಮುಂಚೆ ಅವಳಿಗೆ..."

ಅತ್ತೆ ಕುರ್ಚಿ ಎಳೆದು ಕೂತರು. ಬಗ್ಗಿ ತಮ್ಮ ಬಲಗಾಲಿನ ಚಪ್ಪಲಿಯನ್ನು ನೋಡಿದರು. ಕ್ಲಬ್ಬಿನ ಆ ಹಳೆಯ ಕೋಣೆಯ ನೆಲವೂ ಹಲಗೆಯದೇ ಅಂತ ನನಗೂ ಗೊತ್ತಿತ್ತು. ಮಗನೂ ಸೊಸೆಯೂ ಗೋಡೆ ನೋಡುತ್ತ ಕೂತೆವು.

"ಅಷ್ಟು ವರ್ಷ" ಅಂದರು ಅತ್ತೆ, ನಮಗಲ್ಲ.

ನಾನು ಮೆಲ್ಲಗೆ, "ಎರಡನೇ ಗುಂಪಿಗೆ ಬೇರೆ ಯಾರನ್ನಾದರೂ ಜೊತೆ ಮಾಡ್ಕೊಳ್ಳಿ ಅತ್ತೆ. ನನ್ನ ಕೂಗು ನಿಮಗೆ ಆಗಿಬರಲ್ಲ" ಅಂದೆ.

"ಬಾಯ್ಮುಚ್ಚು. ನಿನ್ನ ಬಿಟ್ರೆ ಇನ್ಯಾರು ನನ್ನ ಕಾಲನ್ನ ಲೆಕ್ಕಕ್ಕೆ ಇಡದೆ ಕೂಗ್ತಾರೆ?" ಅತ್ತೆ ಚಪ್ಪಲಿ ಬಿಚ್ಚಿ ಮೂಲೆಗೆ ತಳ್ಳಿದರು. ಆಮೇಲೆ, ನಾನು ಈ ಮನೆಗೆ ಬಂದ ಮೇಲೆ ಮೊದಲ ಸಲ, ಅಪ್ಪಣೆ ಮಾಡದೆ ನನ್ನನ್ನು ಒಂದು ಮಾತು ಕೇಳಿದರು.

"ನನ್ನ ಕೈಲಿ ಆ ಎರಡು ಎಕ್ಕ, ಹಾರ್ಟಿನ ಒಂದು ರಾಣಿ ಬಿಟ್ರೆ ಬೇರೇನೂ ಇರಲಿಲ್ಲ. ಅಂಥ ಎಲೆಗೆ ನಾನು ಬಾಯಿ ತೆಗೀಬಾರದಿತ್ತು ಅಂತೀಯಾ?"

ಧಪ್ಪಿಗೆ ಕಾದೆ. ಬರಲಿಲ್ಲ.

"ತೆಗೀಬಾರದಿತ್ತು ಅತ್ತೆ."

"ಹೂಂ" ಅಂದರು ಅತ್ತೆ. ಮಗನ ಕಡೆ ತಿರುಗಿ, "ಚಹಾ ಇಡೋ. ಇವಳು ನನಗೆ ಹೇಳಿಕೊಡ್ತಾಳಂತೆ" ಅಂದರು.