ಸಾಹೇಬರ ಕುರ್ಚಿ

ಮಕ್ಕಳೇ, ಕಳೆದ ಸಲ ಬಂದಾಗ ನೀವು ತೆಗೆದ ಫೋಟೋಗಳಲ್ಲೆಲ್ಲ ನಾನು ಕುರ್ಚಿಯ ಮುಂದಿನ ಅಂಚಿನ ಮೇಲೆ, ಯಾರೋ ಕರೆದೊಡನೆ ಏಳಬೇಕಾದವಳಂತೆ ಕುಳಿತಿದ್ದೇನೆ. ಅಜ್ಜಿ ತನ್ನ ಬೆನ್ನ ಹಿಂದೆ ಯಾರಿಗಾಗಿ ಸೀಟು ಹಿಡಿದಿದ್ದಾಳೆ ಎಂದು ನೀವು ನಕ್ಕಿರಿ. ನಾನೂ ನಕ್ಕೆ, ಆದರೆ ಆ ಪ್ರಶ್ನೆ ರೊಟ್ಟಿ ಬಡಿಯುವಾಗಲೂ ನನ್ನನ್ನು ಬಿಡಲಿಲ್ಲ.

ಸಿರಸಂಗಿಯ ಹತ್ತಿರದ ನಮ್ಮ ಮನೆಯ ಪಡಸಾಲೆಯಲ್ಲಿ ಕೈಗಳಿರುವ ಕುರ್ಚಿ ಮೊದಲಿನಿಂದಲೂ ಆ ಫೋಟೋದಲ್ಲಿರುವುದೊಂದೇ. ಹೆಸರು ಸಾಹೇಬರ ಕುರ್ಚಿ. ಪರಂಗಿ ಸಾಹೇಬರು ಹೋಗಿ ಎಷ್ಟೋ ಕಾಲವಾಗಿತ್ತು, ಕಂದಾಯ ವಸೂಲಿಗೆ ಬಂದು ಅದರಲ್ಲಿ ಕೂರುತ್ತಿದ್ದವರು ನಮ್ಮವರೇ ಆದ ತಲಾಠಿಗಳು; ಆದರೂ ಕುರ್ಚಿಯ ಹೆಸರಾಗಲಿ, ಅದಕ್ಕೆ ಹೊದಿಸಿದ ಶಾಲಾಗಲಿ ಬದಲಾಗಲಿಲ್ಲ. ಸಂಜೆ ನನ್ನ ಮಾವನವರು ಕಿತ್ತೂರಿನ ಕಥೆ ಹೇಳುತ್ತಿದ್ದರು. ರಾಣಿ ಕಪ್ಪ ಕೊಡುವುದಿಲ್ಲ ಎಂದ ಕಡೆಗೆ ಬಂದಾಗ ಜಂತಿ ನಡುಗುವಂತೆ ಅವರ ದನಿ ಏರುತ್ತಿತ್ತು. ಇಷ್ಟನ್ನೂ ಅವರು ಹೇಳುತ್ತಿದ್ದದ್ದು ಆ ಖಾಲಿ ಕುರ್ಚಿಯ ಬುಡದಲ್ಲಿ, ನೆಲಕ್ಕೆ ಹಾಸಿದ ಕಂಬಳಿಯ ಮೇಲೆ ಕುಳಿತು. ಅಂಜಿಕೆ ದನಿಯಿಂದ ಹೋಗಿತ್ತು, ಬೆನ್ನಿನಿಂದ ಹೋಗಿರಲಿಲ್ಲ. ನನಗಂತೂ ಎರಡರಲ್ಲೂ ಇತ್ತು.

ಈ ವರ್ಷ ಗೋವಿನಜೋಳ ತೆನೆ ಕಟ್ಟುವ ಹೊತ್ತಿಗೆ, ಕಾಲುವೆಯ ಕೊನೆಯಲ್ಲಿರುವ ನಮ್ಮ ಹೊಲಕ್ಕೆ ನವಿಲುತೀರ್ಥದ ಅಣೆಕಟ್ಟಿನ ನೀರು ಮುಟ್ಟಲಿಲ್ಲ. ಮೇಲಿನ ಹೊಲದವರು ತಮ್ಮ ತೂಬುಗಳನ್ನು ಮುಚ್ಚುತ್ತಲೇ ಇರಲಿಲ್ಲ. ಇಂಥದ್ದಕ್ಕೆಲ್ಲ ನಿಮ್ಮ ಅಜ್ಜನವರೇ ಓಡಾಡುತ್ತಿದ್ದರು. ಈಗ ಅವರಿಲ್ಲ, ನಾನೇ ಹೋಗಬೇಕು, ಇಲ್ಲದಿದ್ದರೆ ಬೆಳೆ ಹೋಗುತ್ತದೆ. ಬೈಲಹೊಂಗಲದಿಂದ ಬಂದಿದ್ದ ನೆಗೆಣ್ಣಿ, ನಿಮ್ಮ ಅಜ್ಜನ ತಮ್ಮನ ಹೆಂಡತಿ ಗಂಗವ್ವ, ನನ್ನನ್ನು ಸವದತ್ತಿಯ ನೀರಾವರಿ ಕಚೇರಿಗೆ ಹೊರಡಿಸಿದಳು. ತಾನು ಬಸ್ಸಿಗೆ ಮಾತ್ರ ಜೊತೆ, ಮಾತಿಗಲ್ಲ ಎಂದು ಮೊದಲೇ ಹೇಳಿಬಿಟ್ಟಳು.

ಯಾರೂ ಹೇಳದಿದ್ದರೂ ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟೆ. ಇಂಜಿನಿಯರ್ ಸಾಹೇಬರು ಸಣ್ಣ ವಯಸ್ಸಿನವರು, ಮರ್ಯಾದೆಯಿಂದಲೇ ಕೂರಿಸಿದರು. ನಾನು ಕುರ್ಚಿಯ ಅಂಚಿನಲ್ಲೇ ಕುಳಿತೆ. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. ಏನು ಕೆಲಸವೆಂದು ಕೇಳಿದರೆ, ಏನಿಲ್ಲರಿ ಎಂದೆ.

ಗಂಗವ್ವ ಸೆರಗಿನ ಮರೆಯಲ್ಲಿ ಗೊಣಗಿದಳು: "ಯಕ್ಕಾ, ಏನಿಲ್ಲ ಅಂತ ಹೇಳಾಕ ಇಷ್ಟು ದೂರ ಬಂದ್ವೇನು?"

ಅಷ್ಟರಲ್ಲಿ ಸಾಹೇಬರ ಫೋನು ರಿಂಗಾಯಿತು. ಹೆಸರು ನೋಡಿದವರೇ ತಟ್ಟನೆ ಎದ್ದು ನಿಂತರು. ಅಂಗಿಯ ಗುಂಡಿ ಮುಟ್ಟಿ ನೋಡಿಕೊಂಡು, ಬರಿ ಗೋಡೆಗೆ ತಲೆ ಬಾಗಿಸಿ, ಹೌದ್ರಿ ಸರ್, ಹೌದ್ರಿ ಸರ್ ಎಂದರು. ಆಚೆಯವರಿಗೆ ಇವರು ನಿಂತದ್ದು ಕಾಣುವುದೇ ಇಲ್ಲವಲ್ಲ! ಫೋನು ಇಟ್ಟ ಮೇಲೂ ನಿಂತೇ ಇದ್ದರು, ಹಣೆ ಒರೆಸಿಕೊಳ್ಳುತ್ತ. ಆ ಬಾಗಿದ ಬೆನ್ನನ್ನು ನಾನು ಬಲ್ಲೆ; ನಮ್ಮ ಮನೆಯದೇ. ಪಾಪ ಎನಿಸಿತು, ಅದರ ಹಿಂದೆಯೇ ಮಾತೂ ಬಂತು.

"ಕುಂದರ್ರಿ ಸಾಹೇಬ್ರ, ಕುಂತು ಕೇಳ್ರಿ. ನಮ್ಮ ಹೊಲಕ್ಕ ನೀರ ಬಂದಿಲ್ಲ. ನೀವು ಒಮ್ಮೆ ಬಂದು ನೋಡಬೇಕ್ರಿ."

ಅವರು ಕುಳಿತರು. ಪೂರ್ತಿ ಕೇಳಿಸಿಕೊಂಡರು. ಮರುದಿನ ತಾವೇ ಕಾಲುವೆಗುಂಟ ನಡೆದು ಬಂದು ಮೇಲಿನ ತೂಬುಗಳನ್ನು ಮುಚ್ಚಿಸಿದರು. ಸಂಜೆಗೆ ನಮ್ಮ ಸಾಲುಗಳಲ್ಲಿ ನೀರು ಹರಿಯಿತು.

ಹೊಲದಿಂದ ಮನೆಗೆ ಬಂದವಳು ಕುರ್ಚಿಯ ಶಾಲು ತೆಗೆದು ಒಗೆಯಲು ಹಾಕಿ, ಹಿಂದಕ್ಕೆ ಸರಿದು ಬೆನ್ನು ಆನಿಸಿ ಕುಳಿತೆ. ಕಾಲುಗಳು ನೆಲ ಬಿಟ್ಟು ಜೋತಾಡಿದವು. ಯಾವ ಉದ್ದ ಕಾಲಿನ ಸಾಹೇಬನ ಅಳತೆಗೆ ಮಾಡಿಸಿದ್ದರೋ! ಈಗ ಕಾಲ ಕೆಳಗೆ ಅಡುಗೆಮನೆಯ ಮಣೆ ಇಟ್ಟುಕೊಂಡಿದ್ದೇನೆ. ಬರುವ ರಜೆಗೆ ಬನ್ನಿ, ಫೋಟೋ ಇನ್ನೊಮ್ಮೆ ತೆಗೆಯಿರಿ, ಮಣೆಯೂ ಕಾಣುವಂತೆ.