ಅಕ್ಷಿತನ ಮದುವೆ

ಕಾಪುವಿನಲ್ಲಿ ನನ್ನ ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಯಶ್ಮಿತಾ ಬಾಡಿಗೆಗಿದ್ದಾಳೆ. ಬೆಳಿಗ್ಗೆ ಬಸ್ಸು ಹಿಡಿದು ಮಣಿಪಾಲಕ್ಕೆ ಹೋಗುತ್ತಾಳೆ, ಅಲ್ಲೊಂದು ಮೆಸ್ಸಿನಲ್ಲಿ ಚಪಾತಿ ಲಟ್ಟಿಸುತ್ತಾಳೆ, ಸಂಜೆ ಬಂದು ನನ್ನ ಮೀನುಸಾರಿನಲ್ಲಿ ತಪ್ಪು ಹುಡುಕುತ್ತಾಳೆ. ಹುಟ್ಟುವಾಗ ಅವಳು ಅಕ್ಷಿತ, ಅಜೆಕಾರಿನ ಬೇಸಾಯದ ಮನೆಯ ಒಬ್ಬನೇ ಮಗ. ಹೆಣ್ಣಾಗಿಯೇ ಬದುಕುತ್ತೇನೆ ಎಂದ ದಿನ ಸೋದರಮಾವ ಶೇಖರ ಅವಳನ್ನು ಹೊರಗೆ ಹಾಕಿದರು. ತುಳುವರ ಅಳಿಯಸಂತಾನದ ಆ ಮನೆಯಲ್ಲಿ ಮಾವನ ಮಾತೇ ಕೊನೆ. ಹುಡುಗ ಮುಂಬಯಿಯಲ್ಲಿ ರೈಲಿಗೆ ಸಿಕ್ಕಿ ಸತ್ತ, ಅಲ್ಲೇ ಸುಟ್ಟು ಬಂದೆ ಎಂದು ಊರಿಗೆಲ್ಲ ನಂಬಿಸಿದರು. ತಾಯಿ ಮನೋರಮಾ ನಿಜ ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಅಪರೂಪಕ್ಕೊಮ್ಮೆ ಕದ್ದು ಫೋನು ಮಾಡಿ, ಊಟ ಆಯ್ತಾ ಎಂದು ಕೇಳಿ ಇಟ್ಟುಬಿಡುತ್ತಿದ್ದರು. ಅಷ್ಟಕ್ಕೇ ಇವಳು ಆ ದಿನವಿಡೀ ಹಾಡಿಕೊಂಡು ತಿರುಗುವುದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಇಂಥವರಿಗೆ ನೆರವಾಗುವ ಸಂಸ್ಥೆಯೊಂದರ ಲವಿಟಾ ಮಣಿಪಾಲದ ಜಿಲ್ಲಾಧಿಕಾರಿ ಕಚೇರಿಗೆ ಅಲೆದು ಅವಳಿಗೆ ಹೊಸ ಹೆಸರಿನ ಗುರುತಿನ ಚೀಟಿ ಮಾಡಿಸಿಕೊಟ್ಟಳು. ಹುಟ್ಟಿದ ಮನೆಯಲ್ಲಿ ಇರುವ ಹಕ್ಕು ಕಾನೂನಿನಲ್ಲೇ ಉಂಟು, ಬೇಕಾದರೆ ಪೊಲೀಸರನ್ನು ಕರೆದುಕೊಂಡೇ ಹೋಗುವ ಎಂದಳು. ಯಶ್ಮಿತಾ ಒಪ್ಪಲಿಲ್ಲ. ಅಮ್ಮ ಒಂದು ಸಲ ಬಾ ಅಂದರೆ ಸಾಕು ಎಂದಳು.

ಕಳೆದ ಆಟಿ ತಿಂಗಳ ಮಳೆಯಲ್ಲಿ ತಾಯಿಯ ಫೋನು ಬಂತು. ಯಶ್ಮಿತಾಳ ತಂಗಿಗೆ ಬಂದ ಸಂಬಂಧಗಳೆಲ್ಲ ಮುರಿಯುತ್ತಿವೆಯಂತೆ. ಜ್ಯೋತಿಷಿ ಕವಡೆ ಹಾಕಿ, ಮದುವೆಯಾಗದೆ ಸತ್ತ ಗಂಡೊಂದು ಮನೆಯನ್ನು ಕಾಡುತ್ತಿದೆ ಎಂದನಂತೆ. ಹೆತ್ತ ಮಕ್ಕಳು ಮದುವೆಗೆ ಮೊದಲೇ ತೀರಿಕೊಂಡರೆ ಸತ್ತವರಿಗೂ ಸತ್ತವರಿಗೂ ಮದುವೆ ಮಾಡಿಸುವ ಪದ್ಧತಿ ಅವರಲ್ಲುಂಟು, ಕುಲೆಗಳ ಮದುವೆ ಎನ್ನುತ್ತಾರೆ. ಹುಡುಗ ಬದುಕಿದ್ದಾನೆ ಎನ್ನಲು ಶೇಖರರಿಗೆ ಈಗ ಬಾಯಿ ಎಲ್ಲಿಯದು? ಉಚ್ಚಿಲದ ಕಡೆ ತೊಟ್ಟಿಲಲ್ಲೇ ಹೋದ ಹೆಣ್ಣುಮಗುವನ್ನು ಹುಡುಕಿ ಮದುವೆ ನಿಶ್ಚಯಿಸಿದ್ದರು. ಜೀವಂತ ಇರುವವಳಿಗೆ ಸತ್ತ ಹೆಂಡತಿ! ನಾನು ಕ್ರಿಸ್ತುವರವಳು, ಆ ಪದ್ಧತಿಯ ಬಗ್ಗೆ ಮಾತಾಡುವುದಿಲ್ಲ. ಆದರೆ ಆ ಮನುಷ್ಯನ ಬಗ್ಗೆ ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

"ಅಮ್ಮ ಹೇಳಿದ್ದಾರೆ ಅಂದರೆ ನಾನು ಬರಲಿ ಎಂದೇ ಅಲ್ವಾ ಬಾಯಿ?" ಎಂದಳು ಯಶ್ಮಿತಾ. ಕ್ರಿಸ್ತುವರ ಹೆಂಗಸರನ್ನು ನಮ್ಮ ಕಡೆ ಬಾಯಿ ಎಂದೇ ಕರೆಯುವುದು. ಜನರ ಮುಂದೆ ಅಮ್ಮ ಒಂದು ಸಲ ತನ್ನನ್ನು ಮಗು ಎಂದರೆ ಈ ಮದುವೆ ಅಲ್ಲೇ ನಿಲ್ಲುತ್ತದೆ ಎಂಬ ಆಸೆ ಅವಳಿಗೆ. ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ನಾನೂ ಹೊರಟೆ. ಕಾರ್ಕಳದಲ್ಲಿ ಬಸ್ಸು ಬದಲಿಸುವಾಗ ಅವಳು ಮಲ್ಲಿಗೆ ಕೊಂಡು ಮುಡಿದಳು.

ಅಜೆಕಾರಿನ ಮನೆಯ ಜಗಲಿಯಲ್ಲಿ ಎರಡು ಮಣೆ ಇಟ್ಟಿದ್ದರು. ಒಂದರ ಮೇಲೆ ಸೀರೆ, ಬಳೆ. ಇನ್ನೊಂದರ ಮೇಲೆ ಪಂಚೆ, ಶಲ್ಯ. ಅಂಗಳಕ್ಕೆ ಕಾಲಿಟ್ಟ ಯಶ್ಮಿತಾ, ನಾನೇ ಅಕ್ಷಿತ, ಸತ್ತಿಲ್ಲ, ಈ ಮದುವೆ ನಿಲ್ಲಿಸಿ ಎಂದಳು. ಶೇಖರ ನಿಧಾನವಾಗಿ ಇಳಿದು ಬಂದು, ಗುರುತಿಗೆ ಎಂತ ಉಂಟು ಎಂದು ಕೇಳಿದರು. ಅವಳು ಚೀಟಿ ಕೊಟ್ಟಳು. ಅವರು ಅದನ್ನು ಎಲ್ಲರಿಗೂ ಕೇಳುವಂತೆ ಓದಿದರು.

"ಇದರಲ್ಲಿ ಯಶ್ಮಿತಾ ಅಂತ ಉಂಟು. ಸರ್ಕಾರವೇ ಹೇಳಿದೆ. ನಮ್ಮ ಕುಟುಂಬದಲ್ಲಿ ಆ ಹೆಸರಿನವರು ಯಾರೂ ಇಲ್ಲ."

ಯಾರೋ ನಕ್ಕರು. ಅವಳನ್ನು ಮನುಷ್ಯಳೆಂದು ಒಪ್ಪಿಸಲು ಮಾಡಿಸಿದ ಚೀಟಿಯಿಂದಲೇ ಆ ಮನುಷ್ಯ ಅವಳನ್ನು ಅಳಿಸಿಹಾಕಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಯಶ್ಮಿತಾ ನನ್ನ ಕೈ ಅದುಮಿದಳು. ಅವಳು ನೋಡುತ್ತಿದ್ದದ್ದು ತಾಯಿಯನ್ನು. ಮನೋರಮಾ ಕಂಬ ಹಿಡಿದು ನಿಂತಿದ್ದರು. ಮಾವ ಕೇಳಿದರು, ನಿನಗೆ ಗುರುತುಂಟಾ ಎಂದು. ಕಂಬದ ಹಿಂದೆ ತಂಗಿ ತಲೆ ತಗ್ಗಿಸಿ ನಿಂತಿದ್ದಳು. ಮನೋರಮಾ ಒಮ್ಮೆ ಆ ಕಿರಿಯವಳತ್ತ ನೋಡಿದರು.

"ಗುರುತಿಲ್ಲ. ಪಾಪ, ಊಟ ಮಾಡಿ ಹೋಗಲಿ," ಎಂದರು.

ಮದುವೆ ನಡೆಯಿತು. ಅಂಗಳದ ಮೂಲೆಯಲ್ಲಿ ನಮಗೆ ಎಲೆ ಹಾಕಿದರು. ಎದ್ದು ಹೋಗುವ ಎಂದರೆ ಯಶ್ಮಿತಾ ಅಲ್ಲಾಡಲಿಲ್ಲ. ಉಚ್ಚಿಲದಿಂದ ಬಂದಿದ್ದ ಮದುಮಗಳ ತಾಯಿ, ಬಡಕಲು ಹೆಂಗಸು, ಬಂದು ಪಕ್ಕದಲ್ಲಿ ಕೂತರು. ಆಗ ನಡೆದದ್ದರಲ್ಲಿ ಅವರು ಎಷ್ಟನ್ನು ನಂಬಿದರೋ ತಿಳಿಯದು. ನನ್ನ ಮಗು ಇದ್ದಿದ್ದರೆ ನಿನ್ನಷ್ಟೇ ಪ್ರಾಯ ಆಗುತ್ತಿತ್ತು, ಇವತ್ತು ಅದಕ್ಕೊಂದು ಮನೆಯಾಯಿತು ಎಂದು ಕಣ್ಣೊರೆಸಿಕೊಂಡರು. ತಮ್ಮ ಎಲೆಯ ಹೋಳಿಗೆಯನ್ನು ಅವಳ ಎಲೆಗೆ ಹಾಕಿದರು. ಆ ಮುಖ ನೋಡಿದ ಮೇಲೆ, ಮದುಮಗ ಇಲ್ಲೇ ಕೂತಿದ್ದಾನೆ ಎಂದು ಹೇಳಲು ನನಗೂ ನಾಲಿಗೆ ಏಳಲಿಲ್ಲ.

"ನಿನಗೆ ತಾಯಿ ಇದ್ದಾರಾ ಮಗಳೇ?" ಎಂದು ಅವರು ಕೇಳಿದರು.

ಮನೋರಮಾ ಅನ್ನದ ಪಾತ್ರೆ ಹಿಡಿದು ನಮ್ಮ ಸಾಲಿಗೆ ಬಂದಿದ್ದರು. ಯಶ್ಮಿತಾ ಬಡಿಸಿಕೊಳ್ಳಲು ಎಲೆಯಿಂದ ಕೈ ತೆಗೆದಳು.

"ಇಲ್ಲಮ್ಮ," ಎಂದಳು, "ತೀರಿಕೊಂಡರು."

ಮನೋರಮಾ ಬಡಿಸಿ ಮುಂದಿನ ಎಲೆಗೆ ಹೋದರು.